ನಿಂತಲ್ಲೇ ಓದಿದ ನಡಿಗೆ

ನಮ್ಮ ಅಂಗಡಿಯಲ್ಲಿ ಇಬ್ಬರೇ. ನಮ್ಮವರು ಕೂತು ಹೊಲಿಯುತ್ತಾರೆ, ನಾನು ನಿಂತು ಇಸ್ತ್ರಿ ಮಾಡುತ್ತೇನೆ. ಪ್ಯಾಂಟಿನ ಉದ್ದ ತಗ್ಗಿಸುವುದು, ಕೆಟ್ಟ ಝಿಪ್ಪು ಬದಲಿಸುವುದು, ಸೊಂಟ ಸಡಿಲಿಸುವುದು ಅವರ ಪಾಲು. ಮುದುಡಿದ್ದನ್ನೆಲ್ಲ ನೆಟ್ಟಗೆ ಮಾಡುವುದು ನನ್ನ ಪಾಲು. ಮದುವೆಯಾದಾಗಿನಿಂದ ಒಂದೇ ಮೇಜಿನ ಹಿಂದೆ ನಿಂತಿದ್ದೇನೆ. ಕಾಲಡಿಯ ಹಾಸುಗಲ್ಲು ಸವೆದಿದೆ, ನಾನು ಮಾತ್ರ ಎಲ್ಲಿಗೂ ಹೋಗಿಲ್ಲ.

ಅದಕ್ಕೋ ಏನೋ, ನನಗೆ ನಡೆಯುವವರ ಪುಸ್ತಕಗಳೆಂದರೆ ಪ್ರಾಣ. ಬೆನ್ನಿಗೊಂದು ಚೀಲ ಏರಿಸಿಕೊಂಡು ಬೆಟ್ಟ, ಕಾಡು, ಬಯಲು ಎನ್ನದೆ ತಿಂಗಳುಗಟ್ಟಲೆ ನಡೆದವರು ತಾವೇ ಬರೆದುಕೊಂಡ ಕಥೆಗಳು. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಇಸ್ತ್ರಿ ಮೇಜಿನ ಮೇಲೆ ಪುಸ್ತಕ ಬಿಡಿಸಿಟ್ಟು ನಿಂತೇ ಓದುತ್ತೇನೆ. ಅದರಲ್ಲೇನು ರುಚಿ ಎಂದು ಕೇಳುವವರಿದ್ದಾರೆ. ಅಲ್ಲಿ ದಿನಕ್ಕೆ ಒಂದೇ ಕೆಲಸ, ಅದೇ ರುಚಿ. ಎದ್ದರೆ ನಡೆ, ಹಸಿದರೆ ತಿನ್ನು, ಕತ್ತಲಾದರೆ ಮಲಗು. ಅಂಗಾಲಿನಲ್ಲಿ ಬೊಬ್ಬೆ ಎದ್ದರೆ ಆ ಬೊಬ್ಬೆಗೇ ಎರಡು ಪುಟ. ನನ್ನ ಕಾಲು ಊದಿಕೊಂಡರೆ ಎರಡು ಮಾತು ಕೇಳುವವರೂ ಇಲ್ಲ. ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನೂ ಭಾರವೆಂದು ಕತ್ತರಿಸಿ ಎಸೆಯುವ ಜನ ಅವರು. ಅದನ್ನು ಓದುವಾಗ ನನ್ನ ಹೆಗಲಿನಿಂದಲೂ ಏನೋ ಇಳಿದಂತಾಗುತ್ತದೆ.

ನನಗೊಂದು ಚಾಳಿಯಿದೆ. ಕೊನೆಯ ಅಧ್ಯಾಯ ಓದುವುದಿಲ್ಲ. ಅಲ್ಲಿ ಅವರು ದಾರಿ ಮುಗಿಸುತ್ತಾರೆ, ಬಿಸಿನೀರಿನ ಸ್ನಾನ ಮಾಡುತ್ತಾರೆ, ಮನೆಗೆ ಹೋಗುತ್ತಾರೆ. ಮನೆ ಎಂದರೇನೆಂದು ನನಗೆ ಪುಸ್ತಕದವರು ಹೇಳಿಕೊಡಬೇಕೇ? ಅವರಿನ್ನೂ ದಾರಿಯಲ್ಲಿರುವಾಗಲೇ ಮುಚ್ಚಿ, ಲೈಬ್ರರಿಗೆ ಕೊಟ್ಟು ಬರುತ್ತೇನೆ.

ಲೈಬ್ರರಿಯ ಮೇಡಂಗೆ ನಾನಿಟ್ಟ ಹೆಸರು ಶ್ ಮೇಡಂ. ಯಾರಾದರೂ ಜೋರಾಗಿ ಉಸಿರು ಬಿಟ್ಟರೂ ‘ಶ್’ ಎನ್ನುವವರು. ಕಳೆದ ವಾರ ಒಂದು ಪುಸ್ತಕ ವಾಪಸ್ ಕೊಟ್ಟಾಗ ಅವರೇ ದನಿ ಏರಿಸಿದರು.

“ಏನಮ್ಮಾ ಇದು? ಪ್ರತಿ ಸಲಾನೂ ಕೊನೇ ಪುಟಗಳಿಗೆ ನೀಲಿ ಬಣ್ಣ ಮೆತ್ತಿ ತರ್ತೀರಲ್ಲ?”

“ನಾನಾ? ಕೊನೇ ಪುಟ ನಾನು ಮುಟ್ಟೋದೇ ಇಲ್ಲ ಮೇಡಂ!”

“ಮುಟ್ಟೋದೇ ಇಲ್ವಾ? ಹಾಗಾದ್ರೆ ಇದನ್ನ ಯಾರು ಮುಟ್ಟಿದ್ದು?”

ಬಿಡಿಸಿ ತೋರಿಸಿದರು. ಮೊದಲಿನಿಂದ ಎಲ್ಲ ಚೊಕ್ಕಟ. ಕೊನೆಯ ಅಧ್ಯಾಯದ ಅಂಚಿನಲ್ಲಿ ಮಾತ್ರ ಹೆಬ್ಬೆರಳಿನ ನೀಲಿ ಗುರುತು. ನಾನು ಹಿಂದೆ ಓದಿದ್ದ ಇನ್ನೊಂದನ್ನು ಕಪಾಟಿನಿಂದ ತೆಗೆದರೆ ಅದರಲ್ಲೂ ಅದೇ ಕಥೆ. ಆ ನೀಲಿ ನನಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗಬೇಕು? ಬಟ್ಟೆಯ ಮೇಲೆ ಗೆರೆ ಎಳೆಯುವ ಸೀಮೆಸುಣ್ಣ ಅದು. ಇಸ್ತ್ರಿಗೆ ಮುಂಚೆ ದಿನಾ ಅದನ್ನು ಕೊಡವುವವಳೇ ನಾನು.

ದಾರಿಯುದ್ದಕ್ಕೂ ಕುದಿಯುತ್ತಾ ಬಂದೆ. ಅರ್ಧಕ್ಕಿಂತ ಹೆಚ್ಚು ಓದಿದ್ದ ಮತ್ತೊಂದು ಪುಸ್ತಕ ಬೇರೆ ಕಾಣೆಯಾಗಿತ್ತು. ಅದಕ್ಕಾಗಿ ಮನೆ, ಅಂಗಡಿ ಎರಡನ್ನೂ ಜಾಲಾಡಿದ್ದೆ. ನೋಡಿದ್ರಾ ಎಂದು ಕೇಳಿದಾಗ ನಮ್ಮವರು ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಇಲ್ಲವೆಂದು ತಲೆಯಾಡಿಸಿದ್ದರು. ಬಾಯಲ್ಲಿ ಪಿನ್ನಿದ್ದರೆ ಸುಳ್ಳು ಹೇಳುವ ಕಷ್ಟವೇ ಇಲ್ಲ.

“ರೀ, ಪುಸ್ತಕ ಕೊಡಿ” ಎಂದೆ, ಒಳಗೆ ಕಾಲಿಡುತ್ತಲೇ.

“ಯಾವ ಪುಸ್ತಕ?”

“ನಿಮ್ಮ ಹೆಬ್ಬೆಟ್ಟು ಬಿದ್ದಿರೋದು.”

ಅವರು ತಮ್ಮ ಹೆಬ್ಬೆರಳು ನೋಡಿಕೊಂಡರು. ಆಮೇಲೆ ತುಂಡುಬಟ್ಟೆಯ ಬುಟ್ಟಿಗೆ ಕೈಹಾಕಿ, ತಳದಿಂದ ಪುಸ್ತಕ ಎಳೆದು ಮೇಜಿನ ಮೇಲಿಟ್ಟರು.

“ಓದೋದಾದ್ರೆ ರಾಜಾರೋಷವಾಗಿ ಓದಿ. ಬಚ್ಚಿಡೋದ್ಯಾಕೆ? ಅದೂ ಬರೀ ಕೊನೇ ಅಧ್ಯಾಯ!”

“ವಾಪಸ್ ಬರ್ತಾರೋ ಇಲ್ವೋ ಅಂತ ನೋಡ್ತಿದ್ದೆ.”

“ಯಾರು?”

“ಅವ್ರೇ. ನೀನು ಓದ್ತೀಯಲ್ಲ, ಆ ನಡೆಯೋರು.”

ಅವರು ತಲೆ ತಗ್ಗಿಸಿ ಹೊಲಿಗೆ ಬಿಚ್ಚುತ್ತಲೇ ಹೇಳಿದರು: “ಮುಂಚೆ ಲೈಬ್ರರಿಗೆ ಹೊರಟಾಗ ‘ಹೋಗ್ಬರ್ತೀನಿ’ ಅಂತಿದ್ದೆ. ಈಗೀಗ ಬರೀ ‘ಹೋಗ್ತೀನಿ’ ಅಂತೀಯ. ನಂಗೆ ಭಯ ಆಯ್ತು.”

“ಒಂದು ‘ಬರ್ತೀನಿ’ ಬಿಟ್ಟಿದ್ದಕ್ಕೆ?”

“ಅದನ್ನೇ ಬಿಟ್ಟ ಮೇಲೆ ಇನ್ನೇನು ಉಳೀತು?”

ನಗಬೇಕೆನಿಸಿತು, ನಗು ಬರಲಿಲ್ಲ. ನಾನು ಹೊಸ್ತಿಲು ದಾಟುವಾಗೆಲ್ಲ ಹೊಲಿಗೆ ಮೆಷಿನ್ನು ಗಕ್ಕನೆ ನಿಲ್ಲುತ್ತಿದ್ದದ್ದು ನೆನಪಾಯಿತು. ದಾರ ಕಡಿಯಿತೇನೋ ಎಂದುಕೊಂಡು ನನ್ನ ಪಾಡಿಗೆ ಹೋಗಿಬಿಡುತ್ತಿದ್ದೆ.

“ಬೇರೆ ಎಲ್ರೂ ವಾಪಸ್ ಬಂದಿದ್ರು” ಎಂದರು. “ಇವ್ನೊಬ್ಬ ಬರ್ಲಿಲ್ಲ. ಅದಕ್ಕೇ ಇದನ್ನ ಬಚ್ಚಿಟ್ಟೆ.”

ಮೊದಲ ಸಲ ಕೊನೆಯ ಅಧ್ಯಾಯ ಓದಿದೆ, ನಿಂತೇ. ನಿಜ, ಆ ಮನುಷ್ಯ ದಾರಿ ಮುಗಿದ ಊರಿನಲ್ಲೇ ಉಳಿದುಬಿಟ್ಟಿದ್ದ. ಅಲ್ಲೊಂದು ಬೇಕರಿ ಇಟ್ಟುಕೊಂಡಿದ್ದಾನೆ. ಬೆಳಗಿನಿಂದ ಸಂಜೆಯವರೆಗೆ ಮೇಜಿನ ಹಿಂದೆ ನಿಲ್ಲುತ್ತಾನಂತೆ, ಕಾಲು ನೋಯುತ್ತದಂತೆ, ಆದರೂ ಸುಖವಾಗಿದ್ದಾನಂತೆ.

“ಅಯ್ಯೋ, ಇವನ ಬುದ್ಧಿಗಿಷ್ಟು! ಅಷ್ಟು ದೂರ ನಡೆದಿದ್ದು ಮೇಜಿನ ಹಿಂದೆ ನಿಲ್ಲೋಕಾ? ನನ್ನ ಕೇಳಿದ್ರೆ ಇಲ್ಲೇ ಜಾಗ ಬಿಟ್ಟುಕೊಡ್ತಿದ್ದೆ!”

ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವರು ನಗಲಿಲ್ಲ.

“ಅವನಿಗೆ ಹೆಂಡ್ತಿ ಇರ್ಲಿಲ್ವಾ?” ಎಂದು ಕೇಳಿದರು. “ಕೊನೇಲಿ ಹುಡುಕ್ದೆ. ಸಿಗ್ಲಿಲ್ಲ.”

ಅವಳು ಮೊದಲ ಅಧ್ಯಾಯದಲ್ಲಿದ್ದಳು. ಬಾಗಿಲಲ್ಲಿ ನಿಂತು ಅವನ ಚೀಲದ ಪಟ್ಟಿ ಸರಿಮಾಡಿದ್ದಳು. ಅವನು ಹೊರಟಾಗ ನಾನೂ ಅವನ ಹಿಂದೆಯೇ ಹೊರಟುಬಿಟ್ಟಿದ್ದೆ. ಇಷ್ಟು ಪುಟ ನಡೆದರೂ ಒಮ್ಮೆಯೂ ಅವಳ ಕಡೆ ತಿರುಗಿ ನೋಡಿರಲಿಲ್ಲ. ಈಗ ಆ ಪುಟಕ್ಕೆ ಹಿಂದಿರುಗಿ ಅವಳನ್ನು ನೋಡಿದೆ. ನಮ್ಮವರೂ ಇಷ್ಟು ದಿನ ಆ ಬಾಗಿಲಲ್ಲೇ ನಿಂತಿದ್ದರು.

“ನಾನು ಕಾಲಿಗೆ ಬುದ್ಧಿ ಹೇಳೋಳಲ್ಲ ರೀ” ಎಂದೆ.

“ಹೋಗ್ಬೇಕು ಅಂತ ಅನ್ಸೋದೇ ಇಲ್ವಾ?”

ಇಲ್ಲ ಎಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಸೀಮೆಸುಣ್ಣದ ಬೆರಳಲ್ಲಿ ಕದ್ದು ಓದಿದ ಮನುಷ್ಯನಿಗೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ.

“ಅನ್ಸತ್ತೆ. ಓದೋವಾಗ ದಿನಾ ಅನ್ಸತ್ತೆ. ಪುಸ್ತಕದಲ್ಲೇ ಹೋಗಿಬಿಡ್ತೀನಿ. ಗಿರಾಕಿ ಕರೆದ್ರೆ ಇಲ್ಲೇ ಇರ್ತೀನಿ. ಅದಕ್ಕೇ ಓದೋದು.”

ಅವರು ಬಟ್ಟೆಗಂಟಿದ ದಾರ ಕೊಡವಿ, “ನಡಿಯತ್ತೆ ಬಿಡು” ಎಂದರು. ಅಳತೆ ಒಂಚೂರು ಹೆಚ್ಚುಕಮ್ಮಿಯಾದಾಗ ನಮ್ಮ ಗಿರಾಕಿಗಳು ಹೇಳುವ ಮಾತು ಅದು. ಪೂರ್ತಿ ಒಪ್ಪಿದರು ಎಂದಲ್ಲ, ಆದರೆ ಬಟ್ಟೆ ಮನೆಗೆ ತೆಗೆದುಕೊಂಡು ಹೋಗುತ್ತಾರೆ.

ಮಾರನೆಯ ದಿನ ಆ ಪುಸ್ತಕ ಹಿಂದಿರುಗಿಸಲು ಹೊರಟೆ. ನೀಲಿ ಗುರುತನ್ನು ಒರೆಸಲಿಲ್ಲ. ಶ್ ಮೇಡಂ ಬಯ್ದರೆ ಬಯ್ಯಲಿ. ಬಾಗಿಲ ಹತ್ತಿರ ಬರುತ್ತಿದ್ದಂತೆ ಹಿಂದೆ ಮೆಷಿನ್ನು ನಿಂತಿತು.

“ಹೋಗ್ಬರ್ತೀನಿ” ಎಂದೆ.

ಮೆಷಿನ್ನು ಶುರುವಾಗಲಿಲ್ಲ. ತಿರುಗಿ ನೋಡಿದರೆ ಬಟ್ಟೆ ಹಿಡಿದುಕೊಂಡು ಹಾಗೇ ಕೂತಿದ್ದಾರೆ.

“ರೀ, ಕೇಳಿಸ್ಲಿಲ್ವಾ?”

“ಕೇಳಿಸ್ತು” ಎಂದರು. “ಇನ್ನೊಂದ್ಸಲ ಹೇಳ್ತೀಯೇನೋ ಅಂತ ಕಾಯ್ತಿದ್ದೆ.”

ಇನ್ನೊಂದು ಸಲ ಹೇಳಿದೆ. ನಾನು ಬೀದಿಗೆ ಇಳಿಯುವಷ್ಟರಲ್ಲಿ ಮೆಷಿನ್ನು ಶುರುವಾಗಿತ್ತು.