ಮರಳುಗಾಡಿಗೆ ಹೊರಟ ಮನೆಗಾಡಿ

ನಾನು ಒಂದು ಮಿನಿಬಸ್ಸು. ಹುಟ್ಟಿದಾಗ ನನಗೆ ಮೈಯೇ ಇರಲಿಲ್ಲ. ಕಾರ್ಖಾನೆಯವರು ಒಂದು ಎಂಜಿನ್ನು, ಗಾಲಿಗಳು, ಎರಡು ಉದ್ದನೆಯ ಕಬ್ಬಿಣದ ತೊಲೆ, ಇಷ್ಟು ಕೊಟ್ಟು ಹೊರಗೆ ತಳ್ಳಿದರು. ಡ್ರೈವರನೊಬ್ಬ ಹೆಲ್ಮೆಟ್ ಹಾಕಿಕೊಂಡು, ಮರದ ಪೆಟ್ಟಿಗೆಯ ಮೇಲೆ ಕೂತು, ಬಿಸಿಲು ಗಾಳಿಯಲ್ಲಿ ನನ್ನನ್ನು ಹೊಸಪೇಟೆಯ ತನಕ ಓಡಿಸಿಕೊಂಡು ಬಂದ. ಅಲ್ಲಿನ ಶೆಡ್ಡೊಂದರಲ್ಲಿ ತಗಡು ಬಡಿದು, ಕಿಟಕಿ ಕೂರಿಸಿ, ಹಳದಿ ಬಣ್ಣ ಹೊಡೆದರು. ಬಡಿಯುವಾಗ ಆದ ನೋವಿಗೋ ಏನೋ, ಅಂದಿನಿಂದ ನನಗೆ ಸಿಟ್ಟು ಜಾಸ್ತಿ. ಆದರೆ ಗಾಡಿಯ ಸಿಟ್ಟಿನಿಂದ ಏನಾಗುತ್ತದೆ? ಹಾರ್ನು ನನ್ನದು, ಒತ್ತುವ ಕೈ ಬೇರೆಯವರದು.

ಮೊದಲು ಶಾಲೆಯೊಂದಕ್ಕೆ ಹೋದೆ. ಮಕ್ಕಳು ಸೀಟಿನ ಕೆಳಗೆ ಶೇಂಗಾ ಸಿಪ್ಪೆ ಹಾಕಿದರು, ಸೀಟಿನ ಸ್ಪಂಜು ಕಿತ್ತು ಒಬ್ಬರ ಮೇಲೊಬ್ಬರು ಎಸೆದರು. ಮಕ್ಕಳೆಂದರೆ ದೇವರೆಂದು ಹೇಳುವವರು ಒಂದು ವಾರ ಶಾಲೆಯ ಬಸ್ಸಾಗಿ ಬದುಕಿ ನೋಡಲಿ. ಮೈ ಹಳತಾದ ಮೇಲೆ ಶಾಲೆಯವರು ನನ್ನನ್ನು ಸಿರುಗುಪ್ಪದ ಕಡೆಯ ಗಾದಿಲಿಂಗಪ್ಪನಿಗೆ ಮಾರಿದರು. ಅವನದು ಶಾಮಿಯಾನದ ಅಂಗಡಿ. ಬಂದ ದಿನವೇ ನನ್ನ ಸೀಟುಗಳನ್ನೆಲ್ಲ ಕಿತ್ತುಹಾಕಿ ಕಂಬ, ಜಮಖಾನೆ, ಹಂಡೆ, ಕೊಪ್ಪರಿಗೆ ತುಂಬಿದ. ಮದುವೆಗೂ ಅವೇ ಕಂಬ, ಸಾವಿಗೂ ಅವೇ ಕಂಬ. ಬಟ್ಟೆ ಮಾತ್ರ ಬೇರೆ.

ಗಾದಿಲಿಂಗಪ್ಪ ಗಂಟು ಹಾಕುವುದರಲ್ಲಿ ಗಟ್ಟಿಗ. ಅವನು ಕಟ್ಟಿದ ಚಪ್ಪರ ಬಿರುಗಾಳಿಗೂ ಬಿದ್ದದ್ದಿಲ್ಲ. ಆದರೆ ಊರಿಗೊಂದು ಕಲ್ಯಾಣ ಮಂಟಪ ಬಂದ ಮೇಲೆ ಚಪ್ಪರ ಕೇಳುವವರು ಕಡಿಮೆಯಾದರು. ನನ್ನನ್ನು ಗುಜರಿಗೆ ಹಾಕುವ ಮಾತು ಬಂತು. ಆಗ ಅವನ ಹೆಂಡತಿ ಹಂಪಮ್ಮ ಬಾಯಿ ಬಿಟ್ಟಳು. ಹಂಪಮ್ಮ ಬಾಯಿ ಬಿಡುವುದು ಅಪರೂಪ. ಮದುವೆಯಾಗಿ ಬಂದಾಗಿನಿಂದ ಗಂಡ ಹೇಳಿದ್ದಕ್ಕೆ ಹೂಂ, ಗಂಡನ ಅಕ್ಕ ಹೇಳಿದ್ದಕ್ಕೆ ಹೂಂ.

"ಗುಜರಿಗೆ ಹಾಕೋಕಿಂತ ಮದ್ಲು ನನ್ನ ಒಂದ್ ಕಡಿಗೆ ಕರ್ಕೊಂಡ್ ಹೋಗ್ತೀರೇನು?"

"ಎಲ್ಲಿಗೆ? ಮಂತ್ರಾಲಯಕ್ಕಾ?"

"ರಾಜಸ್ಥಾನಕ್ಕ."

ಗಾದಿಲಿಂಗಪ್ಪನ ಕೈಯಲ್ಲಿದ್ದ ಬೀಡಿ ಹಾಗೇ ಆರಿತು.

ವಿಷಯ ಒಂದು ಹಕ್ಕಿಯದು. ಹಂಪಮ್ಮ ಹುಡುಗಿಯಾಗಿದ್ದಾಗ ಅವಳಪ್ಪನ ಎರೆಹೊಲದಲ್ಲಿ ಕುರಿಮರಿಯಷ್ಟು ಎತ್ತರದ ಹಕ್ಕಿ ಬರುತ್ತಿತ್ತಂತೆ. ಎರ್ಲಡ್ಡು ಅನ್ನುತ್ತಾರೆ. ಕತ್ತು ಎತ್ತಿ, ಊರ ಗೌಡನ ಹಾಗೆ ಒಂದೊಂದೇ ಹೆಜ್ಜೆ ಇಟ್ಟು ನಡೆಯುತ್ತಿತ್ತಂತೆ. ಆಮೇಲೆ ಹೊಲಕ್ಕೆ ಕಾಲುವೆ ನೀರು ಬಂತು, ಭತ್ತ ಬಂತು, ಹಕ್ಕಿ ಹೋಯಿತು. ಈಗ ಅದು ಜೈಸಲ್ಮೇರಿನ ಕಡೆ ಮರುಭೂಮಿಯ ರಾಷ್ಟ್ರೀಯ ಉದ್ಯಾನದಲ್ಲಿದೆ, ಚಳಿಗಾಲದಲ್ಲಿ ಹೋದರೆ ಕಂಡರೂ ಕಾಣಬಹುದು ಎಂದು ಯಾರೋ ಟೀವಿಯಲ್ಲಿ ಹೇಳಿದ್ದನ್ನು ಅವಳು ಕೇಳಿದ್ದಳು. ಕಣ್ಣು ಮುಚ್ಚುವುದರೊಳಗೆ ಇನ್ನೊಮ್ಮೆ ನೋಡಬೇಕು. ಅವಳು ಕೇಳಿದ್ದು ಅದೊಂದೇ.

ಏನನ್ನೂ ಕೇಳದ ಹೆಂಡತಿ ಒಂದು ಕೇಳಿದಳಲ್ಲ ಎಂದು ಗಾದಿಲಿಂಗಪ್ಪನಿಗೆ ಹುರುಪು ಹತ್ತಿತು. ನನ್ನನ್ನು ಮನೆ ಮಾಡಲು ಕೂತ. ಪ್ಲೈವುಡ್ಡಿನ ಮಂಚ, ಅದರ ಕೆಳಗೆ ಜೋಳದ ಹಿಟ್ಟಿನ ಡಬ್ಬಿ, ಹಿಂದೆ ನೀರಿನ ಡ್ರಮ್ಮು, ಮೂಲೆಯಲ್ಲಿ ಗ್ಯಾಸ್ ಒಲೆ. ಒಳಗೋಡೆಗೆ ಕೆಂಪು ಹಳದಿ ಶಾಮಿಯಾನದ ಬಟ್ಟೆ ಹೊಡೆದ. ಕನ್ನಡಿಯಲ್ಲಿ ನನ್ನನ್ನು ನೋಡಿಕೊಂಡಿದ್ದರೆ ನಗುತ್ತಿದ್ದೆನೋ ಏನೋ. ಒಳಗೊಳಗೆ ಮಾತ್ರ ಖುಷಿಯಿತ್ತು, ಸುಳ್ಳು ಯಾಕೆ ಹೇಳಲಿ. ಇಷ್ಟು ದಿನ ಊರವರ ಸಾಮಾನು ಹೊತ್ತವನು, ಮೊದಲ ಸಲ ಒಬ್ಬಳ ಆಸೆ ಹೊರಲು ಹೊರಟಿದ್ದೆ.

ಒಂದು ದಿನ ಗಾದಿಲಿಂಗಪ್ಪ ಅಂಗಳದಲ್ಲಿ ನಿಂತು ಉದ್ಯಾನದ ಹತ್ತಿರದ ಹಳ್ಳಿಯ ಮನುಷ್ಯನೊಬ್ಬನಿಗೆ ಫೋನು ಮಾಡಿದ. ಗಾಡಿಯನ್ನು ಉದ್ಯಾನದೊಳಗೆ ನಿಲ್ಲಿಸಿ ಮಲಗುವಂತಿಲ್ಲ, ಹಳ್ಳಿಯಲ್ಲಿ ತನ್ನ ಜಾಗವಿದೆ, ಅಲ್ಲಿ ನಿಲ್ಲಿಸಿ, ಬೆಳಗ್ಗೆ ಪರವಾನಗಿ ತಗೊಂಡು ಒಳಗೆ ಹೋಗಿ ಎಂದು ಆತ ಹೇಳಿದ. ಗಾದಿಲಿಂಗಪ್ಪನ ಹಿಂದಿ ಕೇಳಿ ನನ್ನ ಬ್ಯಾಟರಿಯೇ ಇಳಿಯಿತು. ಫೋನು ಇಟ್ಟಾಗ ಅವನ ಮುಖವೂ ಇಳಿದಿತ್ತು.

"ಅಲ್ಲಿ ರಾತ್ರಿ ಬಾಳ ಥಂಡಿ ಅಂತ. ಒಮ್ಮೊಮ್ಮೆ ಬಕೀಟಿನಾಗಿನ ನೀರು ಕಲ್ಲಾಗತೈತಂತ."

"ಮರಳುಗಾಡಿನಾಗ ಥಂಡಿ? ನಿನಗ ಹಿಂದಿ ತಿಳದಿಲ್ಲ ಬಿಡು," ಎಂದಳು ಅವನ ಅಕ್ಕ ಮಾರೆಮ್ಮ.

ಮಾರೆಮ್ಮ ಗಂಡ ಸತ್ತ ಮೇಲೆ ತಮ್ಮನ ಮನೆಯಲ್ಲೇ ಇದ್ದಳು. ಸುತ್ತಿನ ಊರುಗಳಲ್ಲಿ ಬಾಣಂತಿಗೆ ನೀರೆರೆಯುವುದು, ಕೆಂಡದ ಶಾಖಕ್ಕೆ ಮೈ ಕಾಸುವುದು ಅವಳ ಕೆಲಸ. ತಮ್ಮ ಮೂರು ಸಲ ಹೇಳಿದ ಮೇಲೆ ಅವಳಿಗೂ ನಂಬಿಕೆ ಬಂತು. ಬಳ್ಳಾರಿ ಸೀಮೆಯವರಿಗೆ ಬಿಸಿಲು ಗೊತ್ತು. ಬಿಸಿಲಿಗೆ ಏನು ಮಾಡಬೇಕೆಂದು ನಾಯಿಗೂ ಗೊತ್ತು. ಚಳಿಯ ವಿಷಯ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ಹೆದರಿದರು, ಹೆದರಿ ನನ್ನನ್ನು ಮುಚ್ಚತೊಡಗಿದರು.

ಗಾದಿಲಿಂಗಪ್ಪ ನನ್ನ ಕಿಟಕಿಗಳ ಸಂದಿಗೆ ರಬ್ಬರು ತುಂಬಿ, ಮೇಲೆ ಅಂಟುಪಟ್ಟಿ ಹಚ್ಚಿದ. ಮಾಡಿನಲ್ಲಿ ಗಾಳಿಗಾಗಿ ಇದ್ದ ಜಾಲರಿಗೆ ತಗಡು ಬಡಿದ. ನೆಲದ ತೂತುಗಳಿಗೆ ಹಳೆಯ ಜಮಖಾನೆ ತುರುಕಿದ. ಒಂದೊಂದು ಸಂದಿ ಮುಚ್ಚಿದಾಗಲೂ "ಬೆಚ್ಚಗಾತು" ಎನ್ನುತ್ತಿದ್ದ. ಮಾರೆಮ್ಮ ಅಟ್ಟದಿಂದ ತನ್ನ ಅಗ್ಗಿಷ್ಟಿಗೆ ಇಳಿಸಿದಳು. ಎಷ್ಟೋ ಬಾಣಂತಿಯರ ಮಂಚದ ಕೆಳಗೆ ಇಟ್ಟ ಮಣ್ಣಿನ ಅಗ್ಗಿಷ್ಟಿಗೆ ಅದು.

"ಹೊಗಿ ಇದ್ರ ಕೆಟ್ಟದ್ದು. ಹೊರಗ ಇಟ್ಟು, ಹೊಗಿ ಎಲ್ಲಾ ಹೋದ ಮ್ಯಾಲೆ ಬರೇ ಕೆಂಡ ಒಳಗ ಇಡಬೇಕು. ಕೆಂಡ ಏನೂ ಮಾಡಂಗಿಲ್ಲ," ಎಂದಳು.

ನನಗೆ ಹೊಟ್ಟೆ ಉರಿಯಿತು. ಹುಟ್ಟಿದಾಗಿನಿಂದ ಎಂಜಿನ್ನಿನ ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡು ಬದುಕಿದವನು ನಾನು. ಬೆಂಕಿಗೆ ಎಷ್ಟು ಗಾಳಿ ಬೇಕು, ಹೊಗೆ ಕಾಣದಿದ್ದರೂ ಅದು ಬಿಡುವುದು ಎಂಥ ವಿಷ ಎಂದು ನನಗೆ ಗೊತ್ತು. ಅದನ್ನು ಹೊರಹಾಕಲೆಂದೇ ನನಗೊಂದು ಕೊಳವೆ ಇಟ್ಟಿದ್ದಾರೆ. ಬಾಣಂತಿಯರ ಕೋಣೆಯಲ್ಲಿ ಬೆಳಕಿಂಡಿ ಇರುತ್ತದೆ, ಹೆಂಚಿನ ಸಂದಿಯಲ್ಲಿ ಗಾಳಿ ಆಡುತ್ತದೆ. ನನಗೆ ಏನು ಉಳಿಸಿದ್ದರು? ಆ ಪುಣ್ಯಾತ್ಮರಿಗೆ ಹೇಳುವುದು ಹೇಗೆ?

ಡಿಸೆಂಬರಿನಲ್ಲಿ ಸಮುದ್ರದ ಕಡೆ ಚಂಡಮಾರುತ ಎದ್ದು ನಮ್ಮೂರಿಗೂ ಮೋಡ ಕವಿಯಿತು. ಮಧ್ಯಾಹ್ನವೇ ಥಂಡಿಗಾಳಿ ಬೀಸಿತು.

"ಇವತ್ತು ಒಂದ್ ಸರ್ತಿ ಮಲಗಿ ನೋಡು ಹಂಪವ್ವ. ಅಲ್ಲಿಗೆ ಹೋದ ಮ್ಯಾಲೆ ಥಂಡಿ ಅಂದ್ರ ಆಗಲ್ಲ," ಎಂದಳು ಮಾರೆಮ್ಮ. ಕೆಂಡ ನಿಗಿನಿಗಿ ಆಗುವ ತನಕ ಅಂಗಳದಲ್ಲಿ ಬೀಸಿ, ಅಗ್ಗಿಷ್ಟಿಗೆಯನ್ನು ಸೆರಗಿನಲ್ಲಿ ಹಿಡಿದು ತಂದು, ತಾನೇ ಮಂಚದ ಕೆಳಗೆ ಇಟ್ಟಳು. ಹಂಪಮ್ಮನಿಗೆ ಕೌದಿ ಹೊದಿಸಿ, ಕಾಲಿನ ಕಡೆ ಒತ್ತಿ ಸಿಕ್ಕಿಸಿ, ಬಾಗಿಲು ಹಾಕಿಕೊಂಡು ರೊಟ್ಟಿ ಬಡಿಯಲು ಮನೆಯೊಳಗೆ ಹೋದಳು. ಹೆತ್ತ ಮಗಳಿಗೂ ಯಾರೂ ಅಷ್ಟು ಮಾಡುವುದಿಲ್ಲ.

ಅಷ್ಟರಲ್ಲಿ ಗಾದಿಲಿಂಗಪ್ಪ ತಾಡಪಾಲು ಎತ್ತಿಕೊಂಡು ನನ್ನ ಮಾಡು ಹತ್ತಿದ. ಬಾಗಿಲು ಬಿಟ್ಟು ಉಳಿದ ಮೈಯನ್ನೆಲ್ಲ ಮುಚ್ಚಿ ಬಿಗಿಯತೊಡಗಿದ. ಸಿಳ್ಳೆ ಹಾಕುತ್ತಿದ್ದ. ಅವನ ಕಾಲ ಕೆಳಗೆ, ಒಂದು ತಗಡಿನ ಅಂತರದಲ್ಲಿ, ಅವನ ಹೆಂಡತಿ ಹಣೆ ಒತ್ತಿಕೊಳ್ಳುತ್ತಿದ್ದಳು.

ಮಾರೆಮ್ಮ ಬಂದು ಬಾಗಿಲ ಹೊರಗೆ ನಿಂತು ಕೂಗಿದಳು. "ಬೆಚ್ಚಗ ಐತೇನು?"

"ಐತಿ ಅಕ್ಕಾ," ಎಂದಳು ಹಂಪಮ್ಮ. ಎದ್ದು ಕೂತಿದ್ದಳು. ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಿದ್ದಳು. ಬಾಗಿಲ ಹಿಡಿ ಕೈಗೆಟುಕುವಷ್ಟು ಹತ್ತಿರವಿತ್ತು. ತೆಗಿಯೇ ತಾಯಿ, ತೆಗಿ ಎಂದು ನನ್ನ ಒಂದೊಂದು ಬೋಲ್ಟೂ ಬಡಿದುಕೊಂಡಿತು. ಅವಳು ಮತ್ತೆ ಮಲಗಿದಳು.

ಎರಡನೆಯ ಸಲ ಕೂಗಿದಾಗ "ಹೂಂ" ಎಂದಳು. ಮೂರನೆಯ ಸಲಕ್ಕೆ ಏನೂ ಅನ್ನಲಿಲ್ಲ.

"ನಿದ್ದಿ ಹತ್ತೈತಿ ಪಾಪ," ಎಂದು ಮಾರೆಮ್ಮ ಹೊರಟವಳು, ಯಾಕೋ ತಿರುಗಿ ಬಂದು ಬಾಗಿಲು ತೆಗೆದಳು. ಕೆಂಡದ ಬಿಸಿ ಮುಖಕ್ಕೆ ಹೊಡೆಯಿತು. ಹಂಪಮ್ಮನ ತಲೆ ಮಂಚದಿಂದ ಕೆಳಗೆ ಜೋತಿತ್ತು, ಬಾಯಿಯ ಪಕ್ಕದಲ್ಲಿ ವಾಂತಿ. "ಲೇ ಲಿಂಗಾ, ಇಳಿಯೋ," ಎಂದು ಕಿರುಚುತ್ತಲೇ ಅವಳನ್ನು ಕಂಕುಳಲ್ಲಿ ಹಿಡಿದು ಅಂಗಳಕ್ಕೆ ಎಳೆದಳು. ಗಾದಿಲಿಂಗಪ್ಪ ಮೇಲಿಂದ ಧುಮುಕಿದ. ಯಾರದೋ ಜೀಪಿನಲ್ಲಿ ಬಳ್ಳಾರಿಯ ಆಸ್ಪತ್ರೆಗೆ ಒಯ್ದರು. ನಾನು ಅಲ್ಲೇ ನಿಂತಿದ್ದೆ, ಅವನ ಗಂಟುಗಳಲ್ಲಿ ಬಿಗಿದುಕೊಂಡು. ಆಸ್ಪತ್ರೆಗೆ ಒಯ್ಯಲೂ ಬಾರದವನಾದೆ.

ಅವಳು ಬದುಕಿದಳು. ಆದರೆ ಬಹಳ ದಿನ ಆಸ್ಪತ್ರೆ, ಆಮೇಲೆ ತವರುಮನೆ. ಇತ್ತ ಗಾದಿಲಿಂಗಪ್ಪ ಒಂದು ಬೆಳಗ್ಗೆ ಕಂಬ ಹುಗಿಯುವ ಸುತ್ತಿಗೆ ತಂದು ನನ್ನ ಕಿಟಕಿಗಳನ್ನೆಲ್ಲ ಒಡೆದ. ಮಾಡಿನ ತಗಡು ಕಿತ್ತ. ಇನ್ನು ಗಾಳಿ ಬಂದು ಯಾರಿಗೇನು? ಅಷ್ಟಕ್ಕೂ ಸಿಟ್ಟು ಇಳಿಯದೆ, ಕಲ್ಲು ಪುಡಿ ಮಾಡುವ ಯಂತ್ರದವನೊಬ್ಬನಿಗೆ ನನ್ನ ಎಂಜಿನ್ನು ಕೊಟ್ಟುಬಿಟ್ಟ. ಸರಪಳಿ ಹಾಕಿ ಅದನ್ನು ಎತ್ತುವಾಗ ಮಾರೆಮ್ಮ ಕಟ್ಟೆಯ ಮೇಲೆ ಮುಖ ತಿರುಗಿಸಿಕೊಂಡು ಕೂತಿದ್ದಳು. ಬಾಣಂತಿಯರ ಮನೆಯಿಂದ ಕರೆ ಬಂದರೂ ಆಗ ಅವಳು ಹೋಗುತ್ತಿರಲಿಲ್ಲ.

ಹಂಪಮ್ಮ ಯುಗಾದಿಯ ಹೊತ್ತಿಗೆ ತಿರುಗಿ ಬಂದಳು. ನೇರ ನನ್ನ ಹತ್ತಿರ ಬಂದು ಸುತ್ತ ನೋಡಿದಳು.

"ಎಂಜಿನ್ ಎಲ್ಲಿ?"

"ಕೊಟ್ಟೆ. ಇದರ ಮುಖ ನೋಡಾಕ ಆಗಲಿಲ್ಲ ನನಗ."

"ನನಗ ಆಗ್ತಿತ್ತು. ಕೇಳಬೇಕಿತ್ತು."

"ನಿನ್ನ ಸಲುವಾಗೇ..."

"ಕೇಳಬೇಕಿತ್ತು ಅಂದೆ."

ಮಾರೆಮ್ಮ ಅಳತೊಡಗಿದಳು. ನನ್ನ ಕೈಯಾರೆ ನಿನ್ನ ಕೊಲ್ಲುತ್ತಿದ್ದೆ ಎಂದು ಹಣೆ ಬಡಿದುಕೊಂಡಳು. ಹಂಪಮ್ಮ ಅವಳ ಕೈ ಹಿಡಿದಳು.

"ತಲಿ ಸಿಡೀತಿತ್ತು ಅಕ್ಕಾ. ನೀವು ಕೇಳಿದಾಗಲೇ ಸಿಡೀತಿತ್ತು."

"ಮತ್ತ ಯಾಕ ಹೇಳಲಿಲ್ಲ?"

"ನೀವು ಹಚ್ಚಿದ ಬೆಂಕಿ. ಹೆಂಗ ಹೇಳಲಿ?"

ಆ ಮಾತಿಗೆ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ನನಗೆ ಬಾಯಿಲ್ಲ, ನಾನು ಅಸಹಾಯಕ ಎಂದು ಇಷ್ಟು ದಿನ ಬೆಂದಿದ್ದೆ. ಬಾಯಿ ಇದ್ದವಳು ನನ್ನೊಳಗೇ ಮಲಗಿ, ನನ್ನ ಹಾಗೇ ಸುಮ್ಮನಿದ್ದಳು.

ಈಗ ನನ್ನ ಟೈರು ಕುಸಿದಿವೆ. ಕಿಟಕಿಯಿದ್ದ ಜಾಗದಲ್ಲಿ ಗಾಳಿ ಆಡುತ್ತದೆ, ಗುಬ್ಬಿ ಬಂದು ಹೋಗುತ್ತವೆ. ಸಂಜೆ ಹಂಪಮ್ಮ ಬಂದು ಮಂಚದ ಮೇಲೆ ಕೂರುತ್ತಾಳೆ. ಗಾದಿಲಿಂಗಪ್ಪ ಹೊರಗೆ ನಿಂತು, ಬರುವ ಚಳಿಗಾಲಕ್ಕೆ ರೈಲಿನಲ್ಲಿ ಹೋಗೋಣ, ಹಕ್ಕಿ ಎಲ್ಲಿಗೆ ಹೋಗುತ್ತದೆ ಎನ್ನುತ್ತಾನೆ. ಅದು ಎಲ್ಲಿಗಾದರೂ ಹೋಗಬಹುದು. ಒಮ್ಮೆ ಹೋದದ್ದನ್ನು ಅವಳು ನೋಡಿದ್ದಾಳೆ. ಅವರು ಹೋದರೂ ನಾನು ಹೋಗುವುದಿಲ್ಲ. ಅವಳು ಅದನ್ನು ಕಂಡಳೋ ಇಲ್ಲವೋ ಎಂದು ನನಗೆ ಬಂದು ಹೇಳುವವರು ಯಾರೂ ಇಲ್ಲ.

ನಿನ್ನೆ ಮಾರೆಮ್ಮ ಅವಳಿಗೆ ಚಹಾ ತಂದುಕೊಟ್ಟಳು. ಹಂಪಮ್ಮ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟಳು.

"ಸಕ್ಕರಿ ಹೆಚ್ಚಾಗೈತಿ ಅಕ್ಕಾ."

"ನೀ ಈ ಮನಿಗೆ ಬಂದಾಗಿಂದ ಇಷ್ಟೇ ಹಾಕ್ತೀನಿ."

"ಆವಾಗಿಂದ ಹೆಚ್ಚು."

ಮಾರೆಮ್ಮ ಬಾಗಿಲಲ್ಲಿ ನಿಂತು ಅವಳ ಮುಖ ನೋಡಿದಳು. ಆಮೇಲೆ ಲೋಟ ತಗೊಂಡು, ಬೇರೆ ಚಹಾ ಮಾಡಲು ಮನೆಯೊಳಗೆ ಹೋದಳು.