ಸಂದಿಯ ನೀರು

ದೇವದುರ್ಗದಲ್ಲಿ ಗುಲಾಮ್ ದಸ್ತಗೀರನ ಮನೆಗೂ ವಿರೂಪಣ್ಣನ ಮನೆಗೂ ನಡುವೆ ಒಬ್ಬರು ನಡೆಯುವಷ್ಟು ಸಂದಿಯಿತ್ತು. ಎರಡೂ ಮಣ್ಣಿನ ಮಾಳಿಗೆಯ ಮನೆಗಳು. ಮಳೆ ಬಂದರೆ ಎರಡರ ನೀರೂ ಮಾಳಿಗೆಯ ನೀರಿಳಿಸುವ ತಗಡಿನ ದೋಣಿಗಳಿಂದ ಆ ಸಂದಿಗೇ ಬೀಳುತ್ತಿತ್ತು. ವರ್ಷವರ್ಷವೂ ಗೋಡೆ ಒಂದಿಷ್ಟು ನೆನೆಯುವುದಿತ್ತು. ಆದರೆ ೧೯೭೮ರಲ್ಲಿ ಬಿಡದೆ ಮಳೆ ಸುರಿದು ದಸ್ತಗೀರನ ತಾಯಿ ಹೀರಾಬಿ ಮಲಗುವ ಕೋಣೆಯಲ್ಲಿ ತೇವ ಸೊಂಟದೆತ್ತರಕ್ಕೆ ಏರಿತು. ಸುಣ್ಣ ಉದುರಿತು, ಹಾಸಿಗೆಗೆ ಬೂಸರಿನ ವಾಸನೆ ಹತ್ತಿತು, ಮುದುಕಿಗೆ ಉಬ್ಬಸ ಹೆಚ್ಚಾಯಿತು.

ಸಂತೆಗಳಲ್ಲಿ ಬಳೆ ಮಾರುತ್ತಿದ್ದ ದಸ್ತಗೀರ್ ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಿದ. ತೇವ ಅದನ್ನೂ ದಾಟಿ ಮೇಲೆ ಹೋಯಿತು. ವಿರೂಪಣ್ಣನ ದೋಣಿಯೇ ಇದಕ್ಕೆ ಕಾರಣ ಎಂದು ಅವನು ಸಿಟ್ಟಾದ. ದಸ್ತಗೀರನ ದೋಣಿ ಕಾರಣ ಎಂದು ವಿರೂಪಣ್ಣನೂ ಅನ್ನುತ್ತಿದ್ದ. ತಂದೆಯರ ಕಾಲದಿಂದಲೇ ಎರಡು ಮನೆಯ ಗಂಡಸರ ನಡುವೆ ಮಾತಿರಲಿಲ್ಲ.

ಮಳೆ ಬಿಟ್ಟ ಒಂದು ಮಧ್ಯಾಹ್ನ ವಿರೂಪಣ್ಣನ ಹೆಂಡತಿ ಪಾರ್ವತೆಮ್ಮ ಬಾಗಿಲ ಮುಂದೆ ಜೋಳ ಹರವುತ್ತಿದ್ದಳು. ದಸ್ತಗೀರನ ಹೆಂಡತಿ ಅಸ್ಮತ್ ನಿಂತು ನೋಡಿದಳು.

"ಅಕ್ಕಾ, ಜ್ವಾಳಕ್ಕ ಏನಾತ್ರಿ?"

"ಚೀಲ ಗ್ವಾಡಿಗಿ ಹಚ್ಚಿ ಇಟ್ಟಿದ್ದೆ. ಬೂಸರ ಹಿಡದದ."

"ಸಂದಿ ಕಡಿ ಗ್ವಾಡಿ ಏನ್ರಿ?"

"ಹೂಂ. ನಿಮ್ದೂ ಹಸಿ ಅದ ಏನು?"

ಇಬ್ಬರೂ ಹಿತ್ತಲಿನಿಂದ ಸಂದಿಗೆ ಇಳಿದರು. ಒಳಗೆ ಹಿಮ್ಮಡಿ ಮುಳುಗುವಷ್ಟು ನೀರು. ನೆಲ ಬೀದಿಯ ಕಡೆಗೇ ಇಳಿಜಾರಾಗಿತ್ತು, ಆದರೂ ನೀರು ಬೀದಿಗೆ ಹೋಗುತ್ತಿರಲಿಲ್ಲ. ಸಂದಿಯ ಬಾಯಿಗೆ ಅಡ್ಡವಾಗಿ ಕಲ್ಲಿನ ಕಟ್ಟೆಯಿತ್ತು. ವಿರೂಪಣ್ಣನ ತಂದೆ ಆ ದಾರಿಯಲ್ಲಿ ಓಡಾಡಬಾರದೆಂದು ಹೀರಾಬಿಯ ಗಂಡ ಪೀರಾ ಸಾಬ್ ಕಟ್ಟಿಸಿದ್ದು. ಅಂದಿನಿಂದ ಅಲ್ಲಿಗೆ ಯಾರೂ ಕಾಲಿಟ್ಟಿರಲಿಲ್ಲ.

ಕಟ್ಟೆ ಒಡೆದರೆ ನೀರು ಹರಿದುಹೋಗುತ್ತದೆ ಎಂದು ಅಸ್ಮತ್ ಸಂಜೆ ಗಂಡನಿಗೆ ಹೇಳಿದಳು. ಅಪ್ಪ ಕಟ್ಟಿಸಿದ್ದನ್ನು ತಾನು ಒಡೆಯುವುದಿಲ್ಲ ಎಂದುಬಿಟ್ಟ ಅವನು. ಹೀರಾಬಿ ಮಂಚದ ಮೇಲೆ ಕೂತು ಎಲ್ಲ ಕೇಳಿಸಿಕೊಂಡಳು. ಮರುದಿನ ಗೋಡೆ ಹಿಡಿದುಕೊಂಡು ಹೊರಗೆ ಬಂದು ವಿರೂಪಣ್ಣನನ್ನು ಕರೆದಳು.

"ಯಪ್ಪಾ, ನಿಮ್ಮಲ್ಲಿ ಹಾರಿ ಅದ ಏನು? ಈ ಕಟ್ಟಿ ತಗೀಬೇಕು."

ವಿರೂಪಣ್ಣ ಹಿಂಜರಿದ. "ಸಾಹೇಬ್ರು ಕಟ್ಟಿಸಿದ್ದಲ್ಲೇನು, ಯವ್ವಾ?"

"ನಿಮ್ಮಪ್ಪನ ಮ್ಯಾಲಿನ ಸಿಟ್ಟಿಗಿ ಕಟ್ಟಿಸಿದ್ರು. ಈಗ ಇಬ್ರೂ ಇಲ್ಲ. ನೀರು ಮಾತ್ರ ನಿಂತದ."

ದಸ್ತಗೀರ್ ತಾಯಿಗೆ ಎದುರಾಡಲಾರದೆ ಒಳಗೆ ಹೋದ. ಹಾರೆ ಹಾಕಿದರೂ ಮೊದಲ ಕಲ್ಲು ಅಲುಗದೆ ವಿರೂಪಣ್ಣ ಒಬ್ಬನೇ ತಿಣುಕುವ ಸದ್ದು ಕೇಳಿ ಹೊರಗೆ ಬಂದ. ಕಲ್ಲಿನ ಇನ್ನೊಂದು ತುದಿಗೆ ಕೈ ಹಚ್ಚಿದ.

ಕಟ್ಟೆ ಹೋದ ಮೇಲೆ ಗೋಡೆಗಳ ಬುಡಕ್ಕೆ ಮಣ್ಣು ಏರಿಸಿ ಬಡಿದರು. ನಡುವೆ ಶಹಾಬಾದ್ ಕಲ್ಲು ಹಾಸಿ ಬೀದಿಯ ಚರಂಡಿಯವರೆಗೂ ಕಾಲುವೆ ಮಾಡಿದರು. ಮುಂದಿನ ಮಳೆಗೆ ನೀರು ನಿಲ್ಲದೆ ಹರಿದುಹೋಯಿತು. ಗೋಡೆ ಮಾತ್ರ ಬೇಗ ಒಣಗಲಿಲ್ಲ. ದಸ್ತಗೀರ್ ತೇವ ಹೊರಬಿಡದ ಸಿಮೆಂಟನ್ನು ಕೆತ್ತಿಸಿ, ಬೇಸಿಗೆಯವರೆಗೆ ಹಾಗೇ ಬಿಟ್ಟು ಸುಣ್ಣ ಹೊಡೆಸಿದ. ಹೀರಾಬಿಯ ಉಬ್ಬಸ ಪೂರ್ತಿ ಹೋಗಲಿಲ್ಲ, ಹಗುರಾಯಿತು. ಗಂಡಸರು ಬೇಕಾದಷ್ಟೇ ಮಾತಾಡತೊಡಗಿದರು.

ಆಮೇಲೊಮ್ಮೆ ಪಾರ್ವತೆಮ್ಮ ಹೀರಾಬಿಯ ಪಕ್ಕ ಕೂತು ಕೇಳಿದಳು.

"ಯವ್ವಾ, ನೀರು ನಿಲ್ತದಂತ ಸಾಹೇಬ್ರಿಗಿ ಗೊತ್ತಿರಲಿಲ್ಲೇನು?"

"ಒಂದೇ ಮಳಿಗಿ ಗೊತ್ತಾಗಿತ್ತು," ಎಂದಳು ಹೀರಾಬಿ. "ಒಡ್ಯಾಕ ಮನಸ್ಸಾಗಲಿಲ್ಲ."

ಪಾರ್ವತೆಮ್ಮನಿಗೆ ತನ್ನ ಮಾವ ನೆನಪಾದ. ಅವನೂ ಕಟ್ಟೆ ತೆಗೆಯಿರಿ ಎಂದು ಬಾಯಿಬಿಟ್ಟು ಒಂದು ಮಾತು ಕೇಳುವ ಪೈಕಿಯವನಾಗಿರಲಿಲ್ಲ.