ಹಾಲು ಕರೆಯುವ ಸರದಿ

ಕೊಟ್ಟಿಗೆಯಲ್ಲಿ ದನದ ಡಾಕ್ಟರಮ್ಮ ಪ್ಲಾಸ್ಟಿಕ್ ತಟ್ಟೆಯನ್ನು ಮೆಲ್ಲಗೆ ಸುತ್ತ ಆಡಿಸಿದರು. ಅದರ ನಾಲ್ಕು ಗುಳಿಗಳಲ್ಲಿ ಹಸುವಿನ ನಾಲ್ಕು ಮೊಲೆಗಳ ಹಾಲು, ಅದಕ್ಕೆ ಬೆರೆಸಿದ ನೇರಳೆ ದ್ರಾವಣ. ಮೂರರಲ್ಲಿ ಹಾಲು ನೀರಿನಂತೆ ಹರಿದಾಡಿತು. ನಾಲ್ಕನೆಯದರಲ್ಲಿ ಲೋಳೆಗಟ್ಟಿ, ತಟ್ಟೆ ವಾಲಿಸಿದರೂ ತಳ ಬಿಡಲಿಲ್ಲ.

"ತಟ್ಟೆ ಸರಿಯಾಗಿ ತೊಳೆದಿಲ್ಲ ನೀವು," ಎಂದಳು ಅಕ್ಕ.

ಡಾಕ್ಟರಮ್ಮ ತಟ್ಟೆ ತೊಳೆದು ಒರೆಸಿ, ಅದೇ ಹಸುವಿನ ಪಕ್ಕ ಮತ್ತೆ ಕುಕ್ಕರಗಾಲಲ್ಲಿ ಕೂತರು. ಮತ್ತೆ ಲೋಳೆ; ಕೆಚ್ಚಲಲ್ಲಿ ಸೋಂಕಿದೆ ಎಂಬುದರ ಗುರುತು.

ಆ ಹಸುವನ್ನು ಅಕ್ಕತಂಗಿಯರಿಬ್ಬರೂ 'ಅಜ್ಜಿ' ಎಂದೇ ಕರೆಯುತ್ತಿದ್ದರು. ಅವರ ಹಾಲಿನ ಕಸುಬು ಶುರುವಾಗಿದ್ದೇ ಅವಳಿಂದ. ಈಗ ಕೊಟ್ಟಿಗೆಯ ಇನ್ನೆರಡು ಹಸುಗಳಿಗೆ ಕೆಚ್ಚಲು ಬಾವು ಬಂದು ಹಾಲಿನಲ್ಲಿ ಗರಣೆ ಬೀಳುತ್ತಿತ್ತು. ತಂಗಿ ಹಟ ಹಿಡಿದು ತಂದ ಹೊಸ ಹಸುವೇ ರೋಗ ಹೊತ್ತು ಬಂದದ್ದೆಂದು ಅಕ್ಕ ತೀರ್ಮಾನಿಸಿಬಿಟ್ಟಿದ್ದಳು. ಅದನ್ನು ಸಾಗಹಾಕಲು ದಲ್ಲಾಳಿಗೂ ಹೇಳಿಯಾಗಿತ್ತು. ಆದರೆ ಹೊಸಬಳ ಹಾಲು ಹಾಕಿದ ನಾಲ್ಕು ಗುಳಿಗಳೂ ತಿಳಿಯಾಗಿದ್ದವು.

"ಅಜ್ಜಿಗೆ ಬಾವಿಲ್ಲ, ಜ್ವರ ಇಲ್ಲ. ಮೇವು ಬಿಟ್ಟಿಲ್ಲ. ಅವಳಿಗೇನ್ರೀ ರೋಗ?" ಅಕ್ಕ ಕೇಳಿದಳು.

"ಅದೇ ನನಗೂ ಗೊತ್ತಾಗ್ಬೇಕು," ಎಂದರು ಡಾಕ್ಟರಮ್ಮ. ಮೊಲೆತುದಿಯನ್ನು ಸ್ಪಿರಿಟ್ ಹತ್ತಿಯಲ್ಲಿ ಒರೆಸಿ, ಮೊದಲ ಹಾಲು ಚೆಲ್ಲಿ, ಸೀಸೆಯನ್ನು ವಾಲಿಸಿ ಹಿಡಿದು ಪರೀಕ್ಷೆಗೆ ಎರಡು ಧಾರೆ ಹಾಲು ಕರೆದುಕೊಂಡರು. ಉಳಿದ ಹಸುಗಳಿಂದಲೂ ಹಾಗೆಯೇ.

ಫಲಿತಾಂಶ ಕೇಳಲು ಪ್ರಯೋಗಾಲಯಕ್ಕೆ ಹೋದವಳು ತಂಗಿ. ಡಾಕ್ಟರಮ್ಮ ಮೇಜಿನ ಮೇಲೆ ಗಾಜಿನ ತಟ್ಟೆಗಳನ್ನು ಹರಡಿದರು. ರೋಗಾಣು ಬೆಳೆಸಲೆಂದು ರಕ್ತ ಬೆರೆಸಿದ ಕೆಂಪು ಅಂಟಿನ ಮೇಲೆ, ಬಾವು ಬಂದ ಎರಡೂ ಹಸುಗಳ ಹಾಲಿನಿಂದ ಸಾಸಿವೆಯಷ್ಟು ಹೊಂಬಣ್ಣದ ಚುಕ್ಕೆಗಳೆದ್ದಿದ್ದವು. ಪ್ರತಿ ಚುಕ್ಕೆಯ ಸುತ್ತ ಕೆಂಪು ಕರಗಿ ಒಂದು ಬಳೆ. ಅಜ್ಜಿಯ ತಟ್ಟೆಯಲ್ಲೂ ಅವೇ. ಹೊಸಬಳದು ಬರಿದು.

ತಂಗಿಗೆ ಕುಣಿಯುವಷ್ಟು ಖುಷಿಯಾಯಿತು. "ನಾನು ಹೇಳಿರ್ಲಿಲ್ವಾ! ಆದ್ರೆ ಅಜ್ಜಿಯಿಂದ ಅವಕ್ಕೆ ಹೇಗೆ ಬಂತು?"

"ಮೊದಲು ಯಾರನ್ನ ಕರೀತೀರಿ?"

"ಅಜ್ಜೀನ. ಅಕ್ಕನೇ ಕರೆಯೋದು, ಅವಳ ಮುದ್ದು ಅದು. ಆಮೇಲೆ ಅದೇ ಕೈಯಲ್ಲಿ, ಅದೇ ಬಟ್ಟೇಲಿ ಒರೆಸ್ಕೊಂಡು ಮಿಕ್ಕವನ್ನ..."

"ಹೊಸಬಳನ್ನ?"

"ಅವಳನ್ನ ನಾನು ಕರೀತೀನಿ. ಅಕ್ಕ ಅವಳನ್ನ ಮುಟ್ಟೋದೇ ಇಲ್ಲ."

ಇಬ್ಬರೂ ಆ ಬರಿದಾದ ತಟ್ಟೆಯನ್ನೇ ನೋಡಿದರು. ತಂಗಿಯ ಖುಷಿ ಜರ್ರನೆ ಇಳಿದುಹೋಯಿತು. ಇದನ್ನು ಅಕ್ಕನಿಗೆ ಹೇಗೆ ಹೇಳುವುದು?

ಹೇಳಿದಾಗ ಅಕ್ಕ ಜಗಳವಾಡಲಿಲ್ಲ. ಸೆರಗು ಸರಿಮಾಡಿಕೊಂಡು, "ನಡಿ, ನಾನೇ ನೋಡ್ತೀನಿ," ಎಂದು ಹೊರಟೇಬಿಟ್ಟಳು.

ಡಾಕ್ಟರಮ್ಮ ಅವಳನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಮೊದಲು ಅಕ್ಕನಿಗೆ ಕಂಡದ್ದು ಅವಳದೇ ರೆಪ್ಪೆಗೂದಲು. ಆಮೇಲೆ ಬೆಳಕಿನ ವೃತ್ತ, ಅದರೊಳಗೆ ಕಡುನೇರಳೆ ಗುಂಡುಗಳು, ಒತ್ತೊತ್ತಾಗಿ, ದ್ರಾಕ್ಷಿ ಗೊಂಚಲಿನ ಹಾಗೆ. ಬಹಳ ಹೊತ್ತು ಅವಳು ಅಲ್ಲಿಂದ ಕಣ್ಣು ಕೀಳಲಿಲ್ಲ.

"ಇವೇನಾ? ಎಷ್ಟು ಚೆಂದ ಇದಾವಲ್ರೀ!" ಎಂದವಳು ತಲೆಯೆತ್ತಿ ಕೇಳಿದಳು, "ಅಜ್ಜಿಗೆ ನೋಯ್ತಿರುತ್ತಾ?"

"ಇಲ್ಲ. ಎಂದೋ ಒಳಗೆ ಸೇರ್ಕೊಂಡಿವೆ, ಅವಳಿಗೆ ಒಗ್ಗಿಹೋಗಿದೆ. ಹಾಲು ಬತ್ತಿಸಿ ಕೆಚ್ಚಲಿಗೆ ಔಷಧಿ ಹಾಕೋಣ. ಹೋದ್ರೆ ಹೋಗಬಹುದು, ಖಾತ್ರಿ ಕೊಡಲಾರೆ. ಅಲ್ಲೀತನಕ ಅವಳನ್ನ ಕೊನೇಲಿ ಕರೀರಿ. ಒಂದೊಂದು ಹಸುಗೂ ಬೇರೆ ಬಟ್ಟೆ ಇರ್ಲಿ."

"ಆ ಎರಡಕ್ಕೂ ನನ್ನ ಕೈಯಿಂದಲೇ ಹತ್ತಿದ್ದಲ್ವಾ?"

ಡಾಕ್ಟರಮ್ಮ ಹೌದೆಂದು ತಲೆಯಾಡಿಸಿದರು. ಅಕ್ಕ ಅಂಗೈ ತಿರುಗಿಸಿ ನೋಡಿಕೊಂಡಳು. ಮತ್ತೆ ಬಗ್ಗಿ ಕಣ್ಣಿಟ್ಟಳು.

ದಾರಿಯಲ್ಲಿ ದಲ್ಲಾಳಿಗೆ ಫೋನ್ ಮಾಡಿ, "ಬರೋದು ಬೇಡ," ಎಂದಷ್ಟೇ ಹೇಳಿದಳು.

ಮರುದಿನ ಬೆಳಗ್ಗೆ ತಂಗಿ ಕೊಟ್ಟಿಗೆಗೆ ಬರುವ ಹೊತ್ತಿಗೆ ಅಕ್ಕ ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆಯುತ್ತಿದ್ದಳು. ಅಜ್ಜಿ ಎಂದಿನಂತೆ ಅವಳತ್ತ ಕತ್ತು ಹೊರಳಿಸಿ ಅಂಬಾ ಎಂದಳು. "ತಡಿಯೇ, ಬರ್ತೀನಿ," ಎನ್ನುತ್ತ ಅಕ್ಕ ಅವಳನ್ನು ದಾಟಿ, ಹೊಸಬಳ ಪಕ್ಕಕ್ಕೆ ಹೋಗಿ ಕೂತಳು. ಪರಿಚಯವಿಲ್ಲದ ಕೈ ತಾಗಿದ್ದೇ ಹಸು ಮೈ ಬಿಗಿಹಿಡಿದು ಕಾಲೆತ್ತಿತು. ಅಕ್ಕ ಕದಲಲಿಲ್ಲ, ಕೈಯನ್ನು ಹಾಗೆಯೇ ಅದರ ಹೊಟ್ಟೆಯ ಮೇಲಿಟ್ಟು ಕಾದಳು. ಎತ್ತಿದ ಕಾಲು ನಿಧಾನವಾಗಿ ನೆಲಕ್ಕೆ ಬಂತು.